ಸಾಲದ ಪ್ರವಾಸ: ಜಾಹೀರಾತಿನಲ್ಲಿ ಪೂರ್ತಿ ಲೆಕ್ಕ ಇರಲಿ

ಮಾನ್ಯ ಸಂಪಾದಕರೇ,

ಬೇಸಿಗೆ ಸೂಟಿ ಹತ್ತಿರ ಬಂದಂತೆ ತಮ್ಮ ಪತ್ರಿಕೆಯ ಜಿಲ್ಲಾ ಪುಟಗಳಲ್ಲಿ ಪ್ರವಾಸ ಸಂಸ್ಥೆಗಳ ಜಾಹೀರಾತು ಹೆಚ್ಚುವುದು ಪ್ರತಿ ವರ್ಷದ ರೂಢಿ. ಕಾಶಿ, ಅಯೋಧ್ಯೆ, ಚಾರ್‌ಧಾಮ್, ಕೇರಳ, ಕಾಶ್ಮೀರದ ಜತೆಗೆ ಈಗ ದುಬೈ, ಥಾಯ್ಲೆಂಡ್‌ಗಳೂ ಆ ಪಟ್ಟಿಗೆ ಸೇರಿವೆ. ಅದಕ್ಕೆ ಯಾರ ಆಕ್ಷೇಪವೂ ಇರಬೇಕಾಗಿಲ್ಲ. ಆದರೆ ಈಚೆಗೆ ಪ್ರವಾಸದ ಒಟ್ಟು ದರಕ್ಕಿಂತ ದಪ್ಪ ಅಕ್ಷರಗಳಲ್ಲಿ ತಿಂಗಳ ಕಂತಿನ ಮೊತ್ತವನ್ನು ಅಚ್ಚು ಹಾಕಲಾಗುತ್ತಿದೆ. ‘ಈಗ ಹೋಗಿ ಬನ್ನಿ, ಹಣ ಸಾವಕಾಶ ಕಟ್ಟಿ’ ಎಂಬ ಭರವಸೆಯೂ ಅದರ ಪಕ್ಕದಲ್ಲಿಯೇ ಇರುತ್ತದೆ. ಕಂತುಗಳು ಎಷ್ಟು, ಬಡ್ಡಿ ಎಷ್ಟು, ಎಲ್ಲ ಸೇರಿ ಮನೆಯಿಂದ ಹೊರಹೋಗುವ ಹಣ ಎಷ್ಟು ಎಂಬುದನ್ನು ತಿಳಿಯಬೇಕಾದರೆ ಮಾತ್ರ ನಕ್ಷತ್ರ ಚಿಹ್ನೆಯ ಬೆನ್ನು ಹತ್ತಿ, ಕಟ್ಟಕಡೆಯ ಸಾಲಿನಲ್ಲಿರುವ ಇರುವೆಯಂಥ ಅಕ್ಷರಗಳನ್ನು ಓದಬೇಕಾಗುತ್ತದೆ. ಬಾಗಲಕೋಟೆ ಜಿಲ್ಲೆಯ ಒಂದು ಪತ್ತಿನ ಸಹಕಾರಿ ಸಂಘದ ಸಾಲ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾಗಿರುವ ನಾನು, ಈ ಜಾಹೀರಾತುಗಳು ಹೇಳದೆ ಬಿಡುವ ಕೆಲವು ಸಂಗತಿಗಳನ್ನು ತಮ್ಮ ಓದುಗರ ಮುಂದಿಡಲು ಬಯಸುತ್ತೇನೆ.

ಪ್ರವಾಸವೇ ದುಂದು ಎನ್ನುವವರ ಸಾಲಿನಲ್ಲಿ ನಾನಿಲ್ಲ. ವರ್ಷಪೂರ್ತಿ ಹೊಲ, ಅಂಗಡಿ, ಮಗ್ಗ, ಕಚೇರಿ ಎಂದು ದುಡಿಯುವವರು ಹೆಂಡತಿ ಮಕ್ಕಳೊಂದಿಗೆ ಎಂಟು ದಿನ ಹೊರಗೆ ಹೋಗಿ ಬರಬೇಕು, ವಯಸ್ಸಾದ ತಂದೆ ತಾಯಿಗೆ ಕಾಶಿ ತೋರಿಸಬೇಕು. ಪ್ರಶ್ನೆ ಇರುವುದು ಹಣ ಹೋಗುವ ಮೊದಲು ಕೂಡಬೇಕೋ, ಬಂದ ಮೇಲೆ ತೀರಬೇಕೋ ಎಂಬುದರಲ್ಲಿ.

ಸಂಘದ ಸಾಲದ ಅರ್ಜಿಯಲ್ಲಿ ‘ಸಾಲದ ಉದ್ದೇಶ’ ಎಂಬ ಒಂದು ಕಾಲಂ ಇರುತ್ತದೆ. ಅಲ್ಲಿ ‘ಪ್ರವಾಸ’ ಎಂದು ಬರೆದ ಅರ್ಜಿಯನ್ನು ನಾನು ಕಂಡದ್ದು ಬಲು ಅಪರೂಪ. ಎಪ್ರಿಲ್ ತಿಂಗಳಲ್ಲಿ ಬರುವ ಅರ್ಜಿಗಳಲ್ಲಿ ‘ಮನೆ ರಿಪೇರಿ’, ‘ಮಕ್ಕಳ ಶಿಕ್ಷಣ’, ‘ಕೌಟುಂಬಿಕ ಅಡಚಣೆ’ ಎಂದೇ ಇರುತ್ತಿತ್ತು. ಅರ್ಜಿದಾರನ ಮನೆಯ ಗೋಡೆಗೆ ಸುಣ್ಣ ಕೂಡ ಬಿದ್ದಿಲ್ಲವೆಂಬುದು ಮೇ ತಿಂಗಳಲ್ಲಿ ಆತನ ವಾಟ್ಸ್‌ಆ್ಯಪ್ ಸ್ಟೇಟಸ್ ನೋಡಿದ ಎಲ್ಲರಿಗೂ ತಿಳಿಯುತ್ತಿತ್ತು. ಪ್ರವಾಸಕ್ಕೆ ಸಾಲ ಕೇಳುವುದು ಸರಿಯಲ್ಲ ಎಂಬ ಅಳುಕು ನಮ್ಮ ಜನರಿಗೆ ಇಂದಿಗೂ ಇದೆ ಎಂಬುದಕ್ಕೆ ಆ ಕಾಲಮ್ಮೇ ಸಾಕ್ಷಿ. ಹಾಗಾಗಿ ಎಷ್ಟು ಮನೆಗಳು ಈ ಬಗೆಯ ಸಾಲದಲ್ಲಿವೆ ಎಂಬುದು ಯಾವ ಸಂಘದ ದಫ್ತರದಿಂದಲೂ ಹೊರಡುವುದಿಲ್ಲ.

ಅದೇ ಅರ್ಜಿಯ ಕೆಳಗೆ ಇಬ್ಬರು ಜಾಮೀನುದಾರರ ಸಹಿ ಇರುತ್ತದೆ. ಇವರು ಸಾಮಾನ್ಯವಾಗಿ ಅದೇ ಶಾಲೆಯ ಶಿಕ್ಷಕರು, ಅದೇ ಡಿಪೋದ ಚಾಲಕ, ನಿರ್ವಾಹಕರು, ಅದೇ ಕಚೇರಿಯ ಗುಮಾಸ್ತರು. ಸಾಲಗಾರ ಕಂತು ತಪ್ಪಿಸಿದರೆ ವಸೂಲಿ ಜಾಮೀನುದಾರನ ಪಗಾರದ ಕಡೆಗೆ ತಿರುಗುತ್ತದೆ. ಮುನ್ನಾರ್‌ನ ಚಹಾ ತೋಟ ನೋಡಿ ಬಂದವನು ಒಬ್ಬ, ಅದರ ಕಂತು ತನ್ನ ಪಗಾರದಲ್ಲಿ ಕಡಿತವಾದುದನ್ನು ನೋಡಿದವನು ಇನ್ನೊಬ್ಬ. ಹೀಗೆ ಪಗಾರ ಕಳೆದುಕೊಂಡ ನೌಕರನೊಬ್ಬರು ನನ್ನ ಮೇಜಿನ ಮುಂದೆ ಕುಳಿತು, “ಸಾಹೇಬ್ರ, ಆ ಊರ ಹೆಸರ ಸುದ್ದಾ ನಂಗ ನೆಟ್ಟಗ ಬರೂದಿಲ್ಲ, ರೊಕ್ಕ ಮಾತ್ರ ನಾ ಕಟ್ಟಾಕತ್ತೀನಿ” ಎಂದದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮನೆ ಕಟ್ಟಲು, ಎಮ್ಮೆ ಕೊಳ್ಳಲು, ಬೋರ್‌ವೆಲ್ ಕೊರೆಸಲು ಮಾಡಿದ ಸಾಲದಲ್ಲಿ ಕೊನೆಗೆ ಮಾರಿಯಾದರೂ ತೀರಿಸಬಹುದಾದ ಏನೋ ಒಂದು ಉಳಿದಿರುತ್ತದೆ, ಅಥವಾ ಅದರಿಂದ ನಾಲ್ಕು ಕಾಸು ಹುಟ್ಟುವ ಆಸೆಯಾದರೂ ಇರುತ್ತದೆ. ಪ್ರವಾಸದ ಸಾಲಕ್ಕೆ ಅಂಥ ಆಧಾರವಿಲ್ಲ.

ಈಗ ಲೆಕ್ಕಕ್ಕೆ ಬರುತ್ತೇನೆ. ನಾಲ್ವರ ಕುಟುಂಬದ ಪ್ರವಾಸಕ್ಕೆ 60,000 ರೂಪಾಯಿ ಬೇಕೆಂದು ಇಟ್ಟುಕೊಳ್ಳೋಣ. ಇದನ್ನು ವರ್ಷಕ್ಕೆ ಶೇ 18ರ ಬಡ್ಡಿಯಲ್ಲಿ ವೈಯಕ್ತಿಕ ಸಾಲವಾಗಿ ಪಡೆದು 24 ತಿಂಗಳಲ್ಲಿ ತೀರಿಸಿದರೆ ತಿಂಗಳ ಕಂತು ಸುಮಾರು 2,995 ರೂಪಾಯಿ ಆಗುತ್ತದೆ. ಕಟ್ಟುವ ಒಟ್ಟು ಹಣ 71,890 ರೂಪಾಯಿಯ ಹತ್ತಿರ ಹೋಗುತ್ತದೆ. ಶೇ 2ರ ಸಂಸ್ಕರಣಾ ಶುಲ್ಕ ಮತ್ತು ಅದರ ಮೇಲಿನ ಶೇ 18ರ ಜಿಎಸ್‌ಟಿ ಸೇರಿದರೆ ಇನ್ನೂ 1,416 ರೂಪಾಯಿ. ಅಂದರೆ ಪ್ರವಾಸದ ಖರ್ಚಿನ ಮೇಲೆ ಸುಮಾರು 13,300 ರೂಪಾಯಿ ದಂಡ. ಇದೇ ಕುಟುಂಬ ಎರಡು ವರ್ಷ ಮೊದಲೇ ಬ್ಯಾಂಕಿನಲ್ಲಿ ತಿಂಗಳು ತಿಂಗಳು ಕಟ್ಟುವ ಠೇವಣಿ, ಅಂದರೆ ಆರ್‌ಡಿ ತೆರೆದಿದ್ದರೆ, ಶೇ 6.5ರ ಬಡ್ಡಿಯ ಲೆಕ್ಕದಲ್ಲಿ, ತಿಂಗಳಿಗೆ ಸುಮಾರು 2,340 ರೂಪಾಯಿ ಕಟ್ಟಿದರೂ ಅದೇ 60,000 ಕೈಗೆ ಬರುತ್ತಿತ್ತು. ಎರಡೂ ಕಡೆ ಕಟ್ಟುವ ಅವಧಿ ಎರಡೇ ವರ್ಷ. ಸಾಲ ಮಾಡಿದವನು ಪ್ರತಿ ತಿಂಗಳೂ 650 ರೂಪಾಯಿ ಹೆಚ್ಚಿಗೆ ಕಟ್ಟುವುದು ಮೊದಲೇ ಹೋಗಿ ಬಂದದ್ದಕ್ಕೆ ಮಾತ್ರ. ಎರಡು ವರ್ಷ ಕಾಯುವ ವ್ಯವಧಾನವಿಲ್ಲದವರು ಒಂದೇ ವರ್ಷದ ಆರ್‌ಡಿ ಮಾಡಬಹುದು. ಆಗ ತಿಂಗಳಿಗೆ 4,830 ರೂಪಾಯಿ ಬೇಕಾಗುತ್ತದೆ. ಅಷ್ಟು ಆಗದು ಎನ್ನಿಸಿದರೆ ಆ ಪ್ರವಾಸ ಸದ್ಯಕ್ಕೆ ನಮ್ಮ ಅಳತೆಯದಲ್ಲ ಎಂಬುದು ಹೊರಡುವ ಮೊದಲೇ, ಬಡ್ಡಿ ಕಟ್ಟದೆಯೇ ತಿಳಿದುಬರುತ್ತದೆ.

ಕ್ರೆಡಿಟ್ ಕಾರ್ಡಿನ ಲೆಕ್ಕ ಇದಕ್ಕಿಂತ ಕಠಿಣ. ಗಡುವಿನೊಳಗೆ ಪೂರ್ತಿ ಬಿಲ್ ಕಟ್ಟುವವರಿಗೆ ಕಾರ್ಡ್ ಅನುಕೂಲದ ವಸ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬಾಕಿ ಉಳಿಸಿಕೊಂಡವರಿಗೆ ತಿಂಗಳಿಗೆ ಶೇ 3.5ರ ಆಸುಪಾಸಿನ ಬಡ್ಡಿ, ಅದರ ಮೇಲೆ ಶೇ 18ರ ಜಿಎಸ್‌ಟಿ ಬೀಳುತ್ತದೆ. 60,000 ರೂಪಾಯಿ ಬಾಕಿಗೆ ಮೊದಲ ತಿಂಗಳ ಬಡ್ಡಿ 2,100, ತೆರಿಗೆ 378. ಕನಿಷ್ಠ ಕಟ್ಟಬೇಕಾದ ಮೊತ್ತ ಶೇ 5 ಎಂದು ಹಿಡಿದರೆ, ಕಟ್ಟಿದ 3,000 ರೂಪಾಯಿಯಲ್ಲಿ ಅಸಲಿಗೆ ಜಮೆ ಆಗುವುದು 522 ರೂಪಾಯಿ ಮಾತ್ರ. ಪ್ರವಾಸದಲ್ಲಿ ಕೈ ಬರಿದಾಗಿ ಅದೇ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದರೆ ಬಡ್ಡಿ ಅದೇ ದಿನದಿಂದ ಓಡತೊಡಗುತ್ತದೆ, ಗಡುವಿನ ರಿಯಾಯಿತಿ ಅದಕ್ಕೆ ಇರುವುದಿಲ್ಲ.

‘ಬಡ್ಡಿರಹಿತ ಕಂತು’ ಎಂಬ ಮಾತಿನ ಬಗ್ಗೆಯೂ ಹೇಳಬೇಕು. ಶೂನ್ಯ ಬಡ್ಡಿ ಎಂಬುದು ಇಲ್ಲವೇ ಇಲ್ಲ, ಇಂಥ ಯೋಜನೆಗಳಲ್ಲಿ ಬಡ್ಡಿಯನ್ನು ಸಂಸ್ಕರಣಾ ಶುಲ್ಕದ ಹೆಸರಿನಲ್ಲಿ ಮರೆಮಾಚಿ ಗ್ರಾಹಕರಿಂದ ಪಡೆಯಲಾಗುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತ್ತು. ಮೊದಲೇ ಪೂರ್ತಿ ಹಣ ಕೊಡುವವರಿಗೆ ರಿಯಾಯಿತಿ, ಕಂತಿನವರಿಗೆ ರಿಯಾಯಿತಿ ಇಲ್ಲ ಎಂದಾದರೆ ಆ ರಿಯಾಯಿತಿಯೇ ಬಡ್ಡಿ. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಮತ್ತು ಹಣಕಾಸು ಕಂಪನಿಗಳು ಇಂಥ ಚಿಲ್ಲರೆ ಸಾಲಗಳಿಗೆ ಪ್ರಮುಖ ಸಂಗತಿಗಳ ವಿವರಪಟ್ಟಿಯೊಂದನ್ನು, ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರದೊಂದಿಗೆ, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕಾಗಿದೆ. ಕನ್ನಡದಲ್ಲಿಯೇ ಕೊಡಿ ಎಂದು ಕೇಳುವ ಹಕ್ಕು ನಮಗಿದೆ, ಕೇಳುವವರು ಕಡಿಮೆ.

ಇನ್ನು ತಿಂಗಳಿಗೆ ನೂರಕ್ಕೆ ಮೂರು, ಐದರಂತೆ ಕೈಸಾಲ ತಂದು ಪ್ರವಾಸ ಹೋಗುವವರೂ ಇದ್ದಾರೆ. ಐದರ ಬಡ್ಡಿ ಎಂದರೆ ವರ್ಷಕ್ಕೆ ಶೇ 60. ಇದಕ್ಕೆ ಹೆಚ್ಚಿನ ವಿವರಣೆ ಬೇಕಿಲ್ಲ.

ನಮ್ಮ ಕಡೆಯ ರೈತ ಕುಟುಂಬಗಳಲ್ಲಿ ಇನ್ನೊಂದು ಬಗೆಯ ಸಾಲ ಸದ್ದಿಲ್ಲದೆ ಪ್ರವಾಸಕ್ಕೆ ಬಳಕೆಯಾಗುತ್ತದೆ. ಪಿಕೆಪಿಎಸ್‌ಗಳ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳ) ಮೂಲಕ 5 ಲಕ್ಷ ರೂಪಾಯಿವರೆಗೆ ಶೂನ್ಯ ಬಡ್ಡಿಯಲ್ಲಿ ಅಲ್ಪಾವಧಿ ಬೆಳೆ ಸಾಲ ಪಡೆಯುವ ಅವಕಾಶವನ್ನು ರಾಜ್ಯ ಸರ್ಕಾರ 2023–24ರಿಂದ ನೀಡಿದೆ. ಬಡ್ಡಿ ಇಲ್ಲದ ಹಣ ಖಾತೆಯಲ್ಲಿದೆ, ಗೊಬ್ಬರಕ್ಕೆ ಆಮೇಲೆ ನೋಡಿದರಾಯಿತು ಎಂದು ಅದರಿಂದಲೇ ನಲವತ್ತು ಐವತ್ತು ಸಾವಿರ ತೆಗೆದು ಹೋಗಿ ಬಂದವರುಂಟು. ಆದರೆ ಗಡುವಿನೊಳಗೆ ಮರುಪಾವತಿ ಆದರೆ ಮಾತ್ರ ಆ ಸಾಲ ಶೂನ್ಯ ಬಡ್ಡಿಯದು. ಒಂದು ದಿನ ತಪ್ಪಿದರೂ ರಿಯಾಯಿತಿ ಕೈಬಿಟ್ಟು ಪೂರ್ತಿ ಬಡ್ಡಿ ಬೀಳುತ್ತದೆ. ಮುಂದಿನ ವರ್ಷದ ಸಾಲವೂ ತೊಡಕಿಗೆ ಸಿಲುಕುತ್ತದೆ. ಬಿತ್ತನೆಗೆಂದು ಬಂದ ಹಣವನ್ನು ಬೇರೆ ಯಾವ ಹೆಸರಿನಲ್ಲಿಯೂ ಮುಟ್ಟಬಾರದೆಂಬುದನ್ನು ನಾನು ಕಟುವಾಗಿಯೇ ಹೇಳುತ್ತೇನೆ.

ಉಳಿತಾಯದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸಲಹೆಗಳಲ್ಲಿ ಹೆಚ್ಚಿನವು ತಿಂಗಳ ಪಗಾರದವರನ್ನೇ ಕಣ್ಣೆದುರಿಗೆ ಇಟ್ಟುಕೊಂಡು ಬರೆದಂಥವು. ಪ್ರತಿ ತಿಂಗಳ ಒಂದನೆಯ ತಾರೀಖು ಇಷ್ಟು ಎತ್ತಿಡಿ ಎಂಬ ಮಾತು ಶಿಕ್ಷಕರಿಗೆ, ಬ್ಯಾಂಕ್ ನೌಕರರಿಗೆ ಸರಿಹೋಗಬಹುದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗಳಲ್ಲಿ ಬಹುಪಾಲು ಮನೆಗಳ ಆದಾಯ ತಿಂಗಳ ತಾರೀಖು ನೋಡಿ ಬರುವುದಿಲ್ಲ. ಕಬ್ಬಿನವರ ಹಣ ಹಂಗಾಮಿನಲ್ಲಿ ಬರುತ್ತದೆ. ದ್ರಾಕ್ಷಿಯವರ ಹಣ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನಿಂದ ಹೊರಬಿದ್ದು ತಾಸಗಾಂವ್, ಸಾಂಗ್ಲಿ ಅಥವಾ ವಿಜಯಪುರದ ಪೇಟೆಯಲ್ಲಿ ಮಾರಾಟವಾದ ಮೇಲೆ ಬರುತ್ತದೆ. ರಬಕವಿ, ಬನಹಟ್ಟಿಯ ಮಗ್ಗದ ಕೆಲಸಗಾರನಿಗೆ ವಾರದ ಪಗಾರ. ಕಿರಾಣಿಯವನಿಗೆ ದಿನದ ಗಲ್ಲೆ. ಇವರೆಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಸಿದರೆ ಯಾರಿಗೂ ಹೊಂದದು. ಆದಾಯ ಬರುವ ರೀತಿಯಲ್ಲಿಯೇ ಉಳಿತಾಯವೂ ಆಗಬೇಕು.

ಕಬ್ಬಿನವರನ್ನೇ ನೋಡೋಣ. ಕಬ್ಬು ಪೂರೈಸಿದ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ಶೇ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಕಾಗದದ ಮೇಲಿನ ಈ 14 ದಿನ ಹೊಲದಲ್ಲಿ ಎಷ್ಟು ದಿನವಾಗುತ್ತದೆ ಎಂಬುದನ್ನು ಮುಧೋಳ, ಜಮಖಂಡಿ, ರಾಯಬಾಗ, ಅಥಣಿ ಕಡೆಯ ರೈತರಿಗೆ ನಾನು ಹೇಳಬೇಕಾಗಿಲ್ಲ. ಆದ್ದರಿಂದ ‘ಮಾರ್ಚ್‌ನಲ್ಲಿ ಬಿಲ್ ಬರುತ್ತದೆ, ಎಪ್ರಿಲ್‌ನಲ್ಲಿ ಹೋಗೋಣ’ ಎಂದು ಮುಂಗಡ ಕೊಡುವುದು ಅಪಾಯ. ಕಳೆದ ಹಂಗಾಮಿನ ಹಣದಲ್ಲಿ ಈ ವರ್ಷದ ಪ್ರವಾಸ, ಈ ಹಂಗಾಮಿನ ಹಣದಲ್ಲಿ ಮುಂದಿನ ವರ್ಷದ್ದು ಎಂಬ ಕ್ರಮ ಹಾಕಿಕೊಂಡರೆ ಕಾರ್ಖಾನೆಯ ತಡ ಪ್ರವಾಸವನ್ನು ಮುಟ್ಟುವುದಿಲ್ಲ. ಎತ್ತಿಡುವ ಲೆಕ್ಕವೂ ತಿಂಗಳಿನದ್ದಾಗುವ ಬದಲು ಟನ್ನಿನದ್ದಾಗಲಿ. ಎರಡು ಎಕರೆಯಲ್ಲಿ 80 ಟನ್ ಬೆಳೆದವರು ಟನ್ನಿಗೆ 200 ರೂಪಾಯಿಯಂತೆ ಬಿಲ್ ಜಮೆಯಾದ ದಿನವೇ 16,000 ರೂಪಾಯಿಯನ್ನು ಒಂದು ವರ್ಷದ ಮುದ್ದತಿ ಠೇವಣಿಗೆ ಹಾಕಿದರೆ ಎರಡು ಹಂಗಾಮಿನಲ್ಲಿ 32,000 ರೂಪಾಯಿಯ ಮೇಲೆ ಬಡ್ಡಿಯೂ ಕೂಡುತ್ತದೆ. ಖಾತೆಯಲ್ಲಿಯೇ ಬಿಟ್ಟರೆ ಉಳಿಯುವುದಿಲ್ಲ. ಬಿಲ್ ಬಂದ ವಾರದಲ್ಲಿಯೇ ಟ್ರ್ಯಾಕ್ಟರ್ ಕಂತು, ಗೊಬ್ಬರದ ಉದ್ರಿ, ಮದುವೆ ಮುಯ್ಯಿ ಎಲ್ಲವೂ ಬಾಗಿಲಿಗೆ ಬಂದು ನಿಲ್ಲುತ್ತವೆ.

2025ರ ನವೆಂಬರಿನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ದರ ಬೇಕೆಂದು ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲು ರಾತ್ರಿ ಕುಳಿತದ್ದನ್ನು ನಾಡೆಲ್ಲ ನೋಡಿದೆ. ಮೇಲೆ ಹೇಳಿದ ವೈಯಕ್ತಿಕ ಸಾಲದ 13,300 ರೂಪಾಯಿಯನ್ನು ಅದೇ 80 ಟನ್ನಿಗೆ ಹಂಚಿದರೆ ಟನ್ನಿಗೆ 166 ರೂಪಾಯಿ ಆಗುತ್ತದೆ. ಹೆಚ್ಚಿನ ದರಕ್ಕಾಗಿ ರಸ್ತೆಯಲ್ಲಿ ಮಲಗಿದವರು ಟನ್ನಿಗೆ ಇಷ್ಟನ್ನು ಒಂದು ಸಹಿಯಲ್ಲಿ ಬಿಟ್ಟುಕೊಡುವುದು ನನಗೆ ಸಂಕಟದ ವಿಷಯ.

ಅಂಗಡಿಕಾರರಿಗೆ, ಖಾನಾವಳಿ ನಡೆಸುವವರಿಗೆ ದಿನದಿನವೂ ಸ್ವಲ್ಪ ಸ್ವಲ್ಪ ಕಟ್ಟುವ ಪಿಗ್ಮಿ ಠೇವಣಿಯೇ ಒಳ್ಳೆಯದು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕು 1928ರಲ್ಲಿ ಕರಾವಳಿಯಲ್ಲಿ ಆರಂಭಿಸಿದ ಈ ಪದ್ಧತಿ ಇಂದು ನಮ್ಮ ಪೇಟೆಗಳಲ್ಲಿಯೇ ಹೆಚ್ಚು ಜೀವಂತವಾಗಿದೆ. ನಮ್ಮ ಓಣಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾರುವ ತಾಯಿಯೊಬ್ಬರು ಎರಡು ಪಿಗ್ಮಿ ನಡೆಸುತ್ತಾರೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಏಜೆಂಟ್ ಬಂದು ಕೈಯಲ್ಲಿನ ಪುಟ್ಟ ಯಂತ್ರದಲ್ಲಿ ಅಂಕಿ ಒತ್ತಿದರೆ ಚೀಟಿ ಹೊರಬರುತ್ತದೆ; ಅಂಗಡಿಯ ಚೀಟಿ ತಕ್ಕಡಿಯ ಮೇಲಿನ ತಂತಿಗೆ, ಪ್ರವಾಸದ ಚೀಟಿ ದೇವರ ಫೋಟೊ ಹಿಂದಿನ ಮೊಳೆಗೆ. ದಿನಕ್ಕೆ 100 ರೂಪಾಯಿ ಹಾಕಿದರೂ ವಾರದ ಸೂಟಿ, ಹಬ್ಬ ಕಳೆದು 300 ದಿನಕ್ಕೆ 30,000 ಆಗುತ್ತದೆ. ವ್ಯಾಪಾರದ ಹಣ ಸಾಲದೆ ಬಂದ ದಿನಗಳಲ್ಲಿಯೂ ಅವರು ಮೊಳೆಯ ಕಡೆಯ ಖಾತೆಯನ್ನು ಮುಟ್ಟಿದ್ದಿಲ್ಲ. ಪಿಗ್ಮಿಗೆ ಬಡ್ಡಿ ಕಡಿಮೆ, ಅವಧಿಗೆ ಮೊದಲು ಮುರಿದರೆ ಕಡಿತವೂ ಇದೆ ಎಂಬುದು ನಿಜ. ಆದರೆ ಮುರಿಯಲು ಮನಸ್ಸು ಹಿಂಜರಿಯುವಂತೆ ಮಾಡುವ ಆ ಕಡಿತವೇ ಇಲ್ಲಿ ಉಪಕಾರಿ.

ಪಗಾರದಾರರು ಆರ್‌ಡಿ ಆರಿಸಿಕೊಳ್ಳುವಾಗ ಅವಧಿ ನೋಡಬೇಕು. ಅಂಚೆ ಕಚೇರಿಯ ಆರ್‌ಡಿ ತಿಂಗಳಿಗೆ 100 ರೂಪಾಯಿಯಿಂದ ಆರಂಭವಾಗುತ್ತದೆ, ಭದ್ರವಾದದ್ದೂ ಹೌದು, ಆದರೆ ಅದು ಐದು ವರ್ಷದ್ದು. ಮೂರು ವರ್ಷ ತುಂಬುವ ಮೊದಲು ಮುಚ್ಚಲು ಬರುವುದಿಲ್ಲ. ಬರುವ ವರ್ಷದ ಪ್ರವಾಸಕ್ಕೆ ಬ್ಯಾಂಕಿನ ಹನ್ನೆರಡು ತಿಂಗಳ ಆರ್‌ಡಿಯೇ ಸರಿ. ಐದು ವರ್ಷದ ನಂತರ ತಂದೆ ತಾಯಿಯೊಂದಿಗೆ ಬದರಿ, ಕೇದಾರ ಎಂದು ಯೋಜಿಸಿದವರಿಗೆ ಅಂಚೆಯದು ಸರಿ.

ಹಣ ಎಲ್ಲಿಡಬೇಕೆಂಬುದರಲ್ಲಿ ನಮ್ಮ ಭಾಗದವರು ಸ್ವಲ್ಪ ಮೈಮರೆಯುತ್ತಾರೆ. ಸೌಹಾರ್ದ ಮತ್ತು ಪತ್ತಿನ ಸಹಕಾರಿಗಳು ಇಲ್ಲಿ ಓಣಿಗೊಂದು ಇವೆ, ಬ್ಯಾಂಕಿಗಿಂತ ಹೆಚ್ಚಿನ ಬಡ್ಡಿ ಕೊಡುತ್ತವೆ, ಅವುಗಳಲ್ಲಿ ಬಹಳಷ್ಟು ಪ್ರಾಮಾಣಿಕವಾಗಿಯೂ ನಡೆದಿವೆ. ನಾನು ಅನ್ನ ತಿಂದದ್ದೂ ಅಂಥ ಒಂದು ಸಂಸ್ಥೆಯಲ್ಲಿ. ಆದರೂ 2020ರ ಫೆಬ್ರುವರಿಯಿಂದ 5 ಲಕ್ಷ ರೂಪಾಯಿಗೆ ಏರಿದ ಠೇವಣಿ ವಿಮೆ ಸಹಕಾರಿ ಬ್ಯಾಂಕುಗಳೂ ಸೇರಿದಂತೆ ಬ್ಯಾಂಕುಗಳಿಗೆ ಮಾತ್ರ ಅನ್ವಯ. ಪತ್ತಿನ ಸಂಘ ಮತ್ತು ಸೌಹಾರ್ದಗಳ ಠೇವಣಿಗೆ ಅದು ಇಲ್ಲ ಎಂಬುದನ್ನು ಠೇವಣಿದಾರರು ತಿಳಿದಿರಬೇಕು. ಹೆಣ್ಣುಮಕ್ಕಳು ತಿಂಗಳು ತಿಂಗಳು ಹಣ ಕೂಡಿಸಿ ಸರದಿಯಂತೆ ಒಬ್ಬೊಬ್ಬರು ಎತ್ತಿಕೊಳ್ಳುವ ಭಿಶಿಯ ಬಗ್ಗೆಯೂ ಇದೇ ಮಾತು. ಪರಿಚಯದ ಹತ್ತು ಹನ್ನೆರಡು ಮಂದಿಯ ನಡುವೆ ಅದು ಚೆನ್ನಾಗಿ ನಡೆಯುತ್ತದೆ, ಕೂಡಿಯೇ ಪ್ರವಾಸ ಹೋಗುವ ಗುಂಪುಗಳೂ ಇವೆ. ಬಡ್ಡಿಯ ಆಸೆ ತೋರಿಸಿ ಪರಊರಿನವರನ್ನೆಲ್ಲ ಸೇರಿಸಿಕೊಳ್ಳುವ ಭಿಶಿಯಿಂದ ಮಾತ್ರ ದೂರವಿರುವುದು ಲೇಸು. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯನ್ನು ನಂಬಿ ಕಂತಿಗೆ ಸಹಿ ಮಾಡುವುದೂ ತರವಲ್ಲ, ಏಕೆಂದರೆ ಆ ಹಣ ತಡವಾಗಬಹುದು, ಕಂತಿನ ತಾರೀಖು ತಡವಾಗುವುದಿಲ್ಲ. ಬಂದಾಗ ಬಂದಷ್ಟನ್ನು ಠೇವಣಿಗೆ ಹಾಕಲು ಯಾವ ತೊಡಕೂ ಇಲ್ಲ.

ಅಂದಾಜು ಪಟ್ಟಿ ಮಾಡುವಾಗ ನಮ್ಮವರು ಟಿಕೆಟ್ ಮತ್ತು ಲಾಡ್ಜ್ ಬರೆದು ನಿಲ್ಲಿಸುತ್ತಾರೆ. ಪ್ರವಾಸ ಸಾಲವಾಗುವುದು ಬರೆಯದೆ ಬಿಟ್ಟ ಬಾಬತ್ತುಗಳಿಂದ. ಹೊರಡುವ ಮೊದಲು ಕೊಳ್ಳುವ ಹೊಸ ಬಟ್ಟೆ, ಚಪ್ಪಲಿ, ಬ್ಯಾಗು; ನಿಲ್ದಾಣದಿಂದ ಲಾಡ್ಜಿಗೆ ಆಟೊ; ದೇವಸ್ಥಾನಗಳಲ್ಲಿ ಅಭಿಷೇಕ, ವಿಶೇಷ ದರ್ಶನ; ಮನೆಯಲ್ಲಿ ಎಮ್ಮೆ ನೋಡಿಕೊಳ್ಳುವವರಿಗೆ ಕೂಲಿ; ಬಂದ ಮೇಲೆ ಬೀಗರಿಗೆ, ನೆರೆಯವರಿಗೆ ಹಂಚುವ ಪ್ರಸಾದ ಮತ್ತು ಉಡುಗೊರೆ. ಕೊನೆಯದು ಹಲವು ಮನೆಗಳಲ್ಲಿ ರೈಲಿನ ಖರ್ಚನ್ನು ಮೀರುವುದನ್ನು ನಾನು ಬಲ್ಲೆ. ಪ್ರವಾಸ ಸಂಸ್ಥೆಯ ದರದಲ್ಲಿಯೂ ‘ಒಬ್ಬರಿಗೆ’ ಎಂದಿರುವುದು ಸಾಮಾನ್ಯವಾಗಿ ಇಬ್ಬರು ಒಂದು ಕೋಣೆ ಹಂಚಿಕೊಂಡಾಗಿನ ದರ, ಜಿಎಸ್‌ಟಿ ಬೇರೆ. ಇವೆಲ್ಲ ಸೇರಿದ ಮೇಲೆ ಒಟ್ಟು ಮೊತ್ತದ ಹತ್ತನೆಯ ಒಂದು ಪಾಲನ್ನು ಅಡಚಣೆಗೆಂದು ಬೇರೆ ಇಡಬೇಕು. ಆಸ್ಪತ್ರೆಗೆಂದು ಮನೆಯಲ್ಲಿಟ್ಟ ಹಣವನ್ನು ಈ ಪಾಲಿಗೆ ಸೇರಿಸಬಾರದು.

ಹಣ ಯಾವಾಗ ಕೈಯಲ್ಲಿರಬೇಕೆಂಬುದೂ ಲೆಕ್ಕದ ಭಾಗವೇ. ರೈಲಿನ ಮುಂಗಡ ಕಾಯ್ದಿರಿಸುವಿಕೆಯ ಅವಧಿ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನವಾಗಿದೆ. ಮೇ ಮೊದಲ ವಾರದ ಪ್ರವಾಸಕ್ಕೆ ಮಾರ್ಚ್ ಮೊದಲ ವಾರದಲ್ಲಿಯೇ ಟಿಕೆಟ್ ಹಣ ಬೇಕು. ಠೇವಣಿ ಮೇ ತಿಂಗಳಲ್ಲಿ ಮುಗಿಯುವಂತೆ ಇಟ್ಟವರು ತತ್ಕಾಲ್‌ಗೆ ನಿಲ್ಲಬೇಕಾಗುತ್ತದೆ. ಥ್ರೀ ಟಯರ್ ಎಸಿಯಲ್ಲಿ ತತ್ಕಾಲ್ ಶುಲ್ಕವೇ ಒಬ್ಬರಿಗೆ 400 ರೂಪಾಯಿವರೆಗೆ ಆಗುತ್ತದೆ. ನಾಲ್ವರು ಹೋಗಿ ಬಂದರೆ 3,200. ಹಿರಿಯ ನಾಗರಿಕರಿಗಿದ್ದ ರೈಲು ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋದುದರಿಂದ ಅಜ್ಜ ಅಜ್ಜಿಯರ ಟಿಕೆಟನ್ನೂ ಪೂರ್ತಿ ದರದಲ್ಲಿಯೇ ಬರೆದುಕೊಳ್ಳಬೇಕು.

ಕೂಡಿದ ಹಣ ಕಡಿಮೆ ಬಿದ್ದರೆ ಊರನ್ನು ಬದಲಿಸಬೇಕೇ ಹೊರತು ಕೊರತೆಗೆ ಸಾಲ ತುಂಬಬಾರದು. 1987ರಲ್ಲಿಯೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲು ನಮ್ಮ ಜಿಲ್ಲೆಯಲ್ಲಿದೆ. ಬಾದಾಮಿ, ಐಹೊಳೆ ಅದರ ಅಕ್ಕಪಕ್ಕದಲ್ಲಿವೆ. ಹೊರನಾಡಿನವರು ಹಣ ಸುರಿದು ಬರುವ ಈ ಸ್ಥಳಗಳನ್ನು ಮೂವತ್ತು ನಲವತ್ತು ಕಿಲೊಮೀಟರ್ ಆಚೆಯ ನಮ್ಮ ಮಕ್ಕಳು ಸರಿಯಾಗಿ ನೋಡಿರುವುದಿಲ್ಲ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನವರಿಗೆ ಪ್ರವೇಶ ಉಚಿತ. ಮಹಿಳೆಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸೂ ಉಚಿತ.

ನಮ್ಮ ಹಿರಿಯರು ಯುಗಾದಿಗೆ ಶ್ರೀಶೈಲಕ್ಕೆ ಕಂಬಿ ಹೊತ್ತು ನಡೆಯುತ್ತಿದ್ದಾಗ, ಈಗಲೂ ಸಾವಿರಾರು ಜನ ಹಾಗೆ ನಡೆಯುತ್ತಾರೆ, ಮಲ್ಲಯ್ಯನ ಹೆಸರಿನಲ್ಲಿ ವರ್ಷವಿಡೀ ಮುಡಿಪು ಕಟ್ಟಿಡುತ್ತಿದ್ದರು. ಮನೆಯಲ್ಲಿ ಎಂಥ ಅಡಚಣೆ ಬಂದರೂ ಆ ಗಂಟು ಬಿಚ್ಚುತ್ತಿರಲಿಲ್ಲ. ಕಾಶಿಗೆ ಹೊರಡುವವರು ಕೊಟ್ಟು ತೆಗೆದುಕೊಳ್ಳುವ ಲೆಕ್ಕವನ್ನೆಲ್ಲ ಚುಕ್ತಾ ಮಾಡಿ ಹೊರಡುತ್ತಿದ್ದರು. ಹೊಸ ಹಣಕಾಸು ಸಲಹೆಗಾರರು ಹೇಳುವುದೆಲ್ಲ ಆ ಗಂಟಿನಲ್ಲಿ ಇತ್ತು, ಬಡ್ಡಿ ಒಂದನ್ನು ಬಿಟ್ಟು.

ಇಷ್ಟು ಹೇಳಿದ ಮೇಲೆ ಮೂರು ಕೋರಿಕೆಗಳನ್ನು ಮುಂದಿಡುತ್ತೇನೆ. ಮೊದಲನೆಯದು ತಮ್ಮ ಪತ್ರಿಕೆಗೆ. ಕಂತಿನ ಮೊತ್ತವನ್ನು ಅಚ್ಚು ಹಾಕುವ ಪ್ರವಾಸ ಜಾಹೀರಾತುಗಳಲ್ಲಿ ಅದೇ ಗಾತ್ರದ ಅಕ್ಷರಗಳಲ್ಲಿ ಕಂತುಗಳ ಸಂಖ್ಯೆ, ವಾರ್ಷಿಕ ದರ ಮತ್ತು ಕಟ್ಟಬೇಕಾದ ಒಟ್ಟು ಹಣ ಇರಬೇಕೆಂದು ತಮ್ಮ ಜಾಹೀರಾತು ವಿಭಾಗ ನಿಯಮ ಮಾಡಲಿ. ಜಾಹೀರಾತಿನ ಆದಾಯ ಪತ್ರಿಕೆಗೆ ಬೇಕೆಂಬುದು ನನಗೆ ತಿಳಿಯದ್ದೇನಲ್ಲ. ಈ ನಿಯಮದಿಂದ ಜಾಹೀರಾತು ನಿಲ್ಲುವುದಿಲ್ಲ, ನಾಲ್ಕು ಅಂಕಿಗಳು ಹೆಚ್ಚಾಗುತ್ತವೆ.

ಎರಡನೆಯದು ಈ ಭಾಗದ ಸಹಕಾರಿ ಬ್ಯಾಂಕುಗಳ ಆಡಳಿತ ಮಂಡಳಿಗಳಿಗೆ. ದೀಪಾವಳಿಗೆ ವಾಹನ ಸಾಲದ ಮೇಳ ಮಾಡುವ ತಾವು, ಕಬ್ಬಿನ ಬಿಲ್ ಜಮೆಯಾಗುವಾಗಲೇ ರೈತ ಹೇಳಿದಷ್ಟು ಮೊತ್ತ ಟನ್ನಿನ ಲೆಕ್ಕದಲ್ಲಿ ಪ್ರತ್ಯೇಕ ಠೇವಣಿಗೆ ಹೋಗುವಂತೆ ಒಂದು ವ್ಯವಸ್ಥೆ ಮಾಡಿಕೊಡಬಹುದು. ಸಾಲದ ಕಂತನ್ನು ಬಿಲ್ಲಿನಲ್ಲಿ ಮುರಿದುಕೊಳ್ಳುವ ವ್ಯವಸ್ಥೆ ಈಗಾಗಲೇ ಇರುವಾಗ ಉಳಿತಾಯವನ್ನು ಮುರಿದಿಡುವುದು ಕಷ್ಟದ ಕೆಲಸವಲ್ಲ.

ಮೂರನೆಯದು ಶಾಲಾ ಶಿಕ್ಷಣ ಇಲಾಖೆಗೆ. ಶಾಲೆಗಳ ಶೈಕ್ಷಣಿಕ ಪ್ರವಾಸ ನಮ್ಮಲ್ಲಿ ಹೆಚ್ಚಾಗಿ ನವೆಂಬರ್‌ನಿಂದ ಜನವರಿಯೊಳಗೆ ನಡೆಯುತ್ತದೆ. ಎಂಟು ಹತ್ತು ದಿನ ಮೊದಲು ಮಗು ಮನೆಗೆ ಚೀಟಿ ತರುತ್ತದೆ, ಇಂಥ ದಿನದೊಳಗೆ ಇಷ್ಟು ಸಾವಿರ ತುಂಬಬೇಕು ಎಂದು. ಎಲ್ಲ ಮಕ್ಕಳೂ ಹೋಗುವಾಗ ತನ್ನದನ್ನು ಮಾತ್ರ ಹೇಗೆ ಬಿಡುವುದೆಂದು ಕೂಲಿ ಮಾಡುವ ತಾಯಿ ಸ್ತ್ರೀಶಕ್ತಿ ಸಂಘದಲ್ಲೋ, ಕೈಸಾಲದವರಲ್ಲೋ ಹಣ ತರುತ್ತಾಳೆ. ಪ್ರವಾಸಕ್ಕೆ ಸಾಲ ಮಾಡುವುದು ಹಲವು ಮನೆಗಳಲ್ಲಿ ಆರಂಭವಾಗುವುದೇ ಇಲ್ಲಿಂದ. ಪ್ರವಾಸದ ಸ್ಥಳ ಮತ್ತು ಅಂದಾಜು ಮೊತ್ತವನ್ನು ಜೂನ್ ತಿಂಗಳ ಪಾಲಕರ ಸಭೆಯಲ್ಲಿಯೇ ತಿಳಿಸಿ, ಮಗುವಿನ ಹೆಸರಿನಲ್ಲಿ ತಿಂಗಳಿಗೆ ಇನ್ನೂರು ಮುನ್ನೂರರಂತೆ ರಸೀದಿ ಕೊಟ್ಟು ಹಣ ಪಡೆಯಬೇಕು, ಹೋಗಲಾಗದ ಮಗುವಿನ ಹಣವನ್ನು ಪೂರ್ತಿ ಹಿಂತಿರುಗಿಸಬೇಕು ಎಂದು ಬೆಳಗಾವಿ ವಿಭಾಗದ ಶಾಲೆಗಳಿಗೆ ಒಂದು ಸುತ್ತೋಲೆ ಹೊರಟರೆ ಸಾಕು. ಶಾಲೆಗಳು ಪುನಃ ತೆರೆಯುವ ಮುಂಚೆ ಅದು ಹೊರಟರೆ ಈ ವರ್ಷದ ಪ್ರವಾಸಕ್ಕೇ ಅನ್ವಯವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಹಕಾರಿ ಸಂಘದ ನೌಕರ,
ಜಮಖಂಡಿ, ಬಾಗಲಕೋಟೆ ಜಿಲ್ಲೆ